ಅಕ್ಕನ ಮದ್ದಿನ ಹೆಸರು

ಅನ್ವಿತಾ, ಚಿನ್ಮಯ,

ನಿಮ್ಮ ಅಜ್ಜಿಗೆ ಮಾತು ಕಡಿಮೆ ಎಂದು ನಿಮಗೆ ಗೊತ್ತು. ಮನೆಗೆ ಯಾರಾದರೂ ಬಂದರೆ ನಾನು ಅಡಿಗೆಕೋಣೆಯ ಬಾಗಿಲು ದಾಟುವುದಿಲ್ಲ. ಕಡಬದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಕಲಿತೆ. ಆಗಲೂ ಮಾಷ್ಟ್ರು ಎದ್ದು ಓದು ಎಂದರೆ ನನಗೆ ಸ್ವರ ಹೊರಡುತ್ತಿರಲಿಲ್ಲ. ಬರೆ ಎಂದರೆ ಬರೆಯುತ್ತಿದ್ದೆ. ಆದ್ದರಿಂದ ಇದನ್ನೂ ಬರೆದೇ ಹೇಳುತ್ತೇನೆ.

ಮೊನ್ನೆ ಚಿನ್ಮಯ ಕೇಳಿದ: "ಅಜ್ಜಿ, ನೀವು ಸ್ನಾನಕ್ಕೆ ಹೋದರೆ ಅಮ್ಮ ಹೊರಗೆ ಕೂತು ಎಂತಕ್ಕೆ ಕಾಯುದು?" ಅನ್ವಿತಾ ಅವನ ಬಾಯಿ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋದಳು. ಅವಳಿಗೆ ಸ್ವಲ್ಪ ಗೊತ್ತು. ಗೊತ್ತಿರುವುದನ್ನು ಮಾತಾಡಬಾರದು ಎಂಬುದೂ ಗೊತ್ತು. ಅದು ಅವಳಿಗೆ ನನ್ನಿಂದಲೇ ಬಂದದ್ದಿರಬೇಕು.

ನನಗೆ ಫಿಟ್ಸ್ ಇದೆ. ನಿಮ್ಮ ಅಜ್ಜ ತೀರಿಹೋದ ಮರುವರ್ಷ ಶುರುವಾಯಿತು.

ಮೊದಲನೆಯದು ಬಂದದ್ದು ನೆಟ್ಟಣದ ರೈಲು ಸ್ಟೇಷನ್ನಿನಲ್ಲಿ. ತವರಿಗೆ ಹೋಗಿದ್ದವಳು ಪುತ್ತೂರಿಗೆ ವಾಪಸು ಹೊರಟಿದ್ದೆ. ಒಬ್ಬಳೇ ಬೆಂಚಿನಲ್ಲಿ ಕೂತಿದ್ದೆ. ಬಾಯಿಯಲ್ಲಿ ತಾಮ್ರದ ಚೊಂಬು ನೆಕ್ಕಿದ ಹಾಗೆ ಒಂದು ರುಚಿ ಬಂತು. ಎಡಗೈಯ ಹೆಬ್ಬೆರಳು ನನ್ನದಲ್ಲವೆಂಬಂತೆ ಕುಣಿಯಲು ತೊಡಗಿತು. ಇದೇನಪ್ಪಾ ಎಂದು ಅದನ್ನೇ ನೋಡುತ್ತಿದ್ದೆ. ಅಷ್ಟೇ. ನಿದ್ದೆ ಮಾಡಿ ಎದ್ದರೆ ನಿದ್ದೆ ಮಾಡಿದ್ದಾದರೂ ಗೊತ್ತಿರುತ್ತದೆ. ಇದರಲ್ಲಿ ಅದೂ ಇಲ್ಲ.

ಕಣ್ಣು ಬಿಟ್ಟಾಗ ನೆಲದಲ್ಲಿದ್ದೆ. ಗುರುತಿಲ್ಲದ ಮುಖಗಳು ಬಗ್ಗಿ ನೋಡುತ್ತಿದ್ದವು. ಮುಷ್ಟಿಯೊಳಗೆ ಯಾರದೋ ಬೀಗದಕೈ ಗೊಂಚಲು.

"ಕಬ್ಬಿಣ ಹಿಡಿಸಿದ್ದಕ್ಕೆ ನಿಂತದ್ದು ಮಾರಾಯ್ರೆ," ಎಂದರು ಒಬ್ಬರು.

"ಎಂತದ್ದು ಕಬ್ಬಿಣ, ಅದು ತನ್ನಷ್ಟಕ್ಕೇ ನಿಲ್ಲುದು," ಎಂದರು ಇನ್ನೊಬ್ಬರು.

"ಹಾಗಾದ್ರೆ ನನ್ನ ಕೀ ವಾಪಸು ಕೊಡಿಸಿ, ನನಗೆ ಬೈಕ್ ತೆಗೀಲಿಕ್ಕುಂಟು."

ನನ್ನ ಸೀರೆ ಒದ್ದೆಯಾಗಿತ್ತು. ನಿಮಗೆ ಹೇಳಲು ಈಗಲೂ ನಾಚಿಕೆ, ಆದರೆ ಈ ಕಾಯಿಲೆಯವರೆಲ್ಲ ಹೇಳದೆ ಬಿಡುವುದು ಇದನ್ನೇ. ಬುಟ್ಟಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ಎದ್ದು ಬಂದು, ಹೊದ್ದುಕೊಂಡಿದ್ದ ಶಾಲನ್ನು ತೆಗೆದು ನನ್ನ ಸೊಂಟಕ್ಕೆ ಸುತ್ತಿದಳು. ಗಂಡಸರ ಕಡೆ ತಿರುಗಿ, "ನಿಮಗೆಲ್ಲ ಬೇರೆ ಕೆಲಸ ಇಲ್ವಾ? ನೋಡಿದ್ದು ಸಾಕು, ಆಚೆ ಹೋಗಿ," ಎಂದಳು. ಅವಳ ಹೆಸರು ನಾನು ಕೇಳಲಿಲ್ಲ. ಆ ಶಾಲು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಪುತ್ತೂರಿನ ಡಾಕ್ಟರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ತಲೆಯ ಫೋಟೋ ತೆಗೆದರು. ಕೂದಲ ನಡುವೆ ಅಂಟು ಹಚ್ಚಿ ವಯರುಗಳನ್ನು ಸಿಕ್ಕಿಸಿ, ಕಣ್ಣು ಮುಚ್ಚಿ, ಕಣ್ಣು ಬಿಡಿ ಎಂದರು. ಆ ಅಂಟು ಸೀಗೆಪುಡಿಗೂ ಹೋಗಲಿಲ್ಲ. ಬಾಚಣಿಗೆ ಇಟ್ಟಾಗಲೆಲ್ಲ ಬಿಳಿ ಹೊಟ್ಟಿನಂತೆ ಉದುರುತ್ತಿತ್ತು. ಹೊರಗೆ ಕಾಯುವ ಬೆಂಚಿನಲ್ಲಿ ಕೂತವರೆಲ್ಲರಿಗೂ ನನ್ನದೇ ಕಾಯಿಲೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಸ್ವರವಿಲ್ಲದೆ ಓಡುವ ಟಿ.ವಿ.ಯನ್ನು ಎಲ್ಲರೂ ನೋಡುತ್ತಾರೆ. ಪಕ್ಕದಲ್ಲಿದ್ದ ಒಬ್ಬ ತಾಯಿ, ಪ್ರಾಯಕ್ಕೆ ಬಂದ ಮಗನ ಕೈಯನ್ನು ಬಿಡದೆ ಹಿಡಿದುಕೊಂಡೇ, "ನಿಮಗೆ ಯಾವಾಗಿನಿಂದ?" ಎಂದು ಕೇಳಿದಳು. ಮಕ್ಕಳೆಷ್ಟು ಎಂದು ಕೇಳುವ ಹಾಗೆ ಕೇಳಿದಳು. ಅದಕ್ಕೇ ನನಗೆ ಉತ್ತರ ಕೊಡಲು ಆಯಿತು.

ಕಾರಣ ಸಿಕ್ಕಲಿಲ್ಲ. ಸಿಕ್ಕದಿದ್ದರೆ ಒಳ್ಳೆಯದೇ ಎಂದರು ಡಾಕ್ಟರು. ಒಳ್ಳೆಯದು ಹೇಗೆ ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಮಾತ್ರೆ ಬರೆದುಕೊಟ್ಟು, ಒಂದು ಹೊತ್ತೂ ತಪ್ಪಿಸಬಾರದು ಎಂದರು. ನಾನು ತಪ್ಪಿಸಲಿಲ್ಲ, ಇವತ್ತಿನವರೆಗೂ. ಮೊದಲಿನ ಮಾತ್ರೆಗೆ ಕೂತಲ್ಲೇ ನಿದ್ದೆ ಹಿಡಿಯುತ್ತಿತ್ತು. ಎರಡನೆಯದಕ್ಕೆ ಕೈ ನಡುಗಿತು. ಅದನ್ನೂ ಬದಲಿಸಿದರು. ಫಿಟ್ಸ್ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ನಿಮ್ಮ ಅಪ್ಪ ಪ್ರಕಾಶ ಬಾಯಿಬಿಟ್ಟು ಏನೂ ಹೇಳಲಿಲ್ಲ. ಮಂಗಳೂರಿನಿಂದ ಬಂದ ಮರುದಿನ ಬಚ್ಚಲಿಗೆ ಹೋದರೆ ಬಾಗಿಲ ಒಳಗಿನ ಚಿಲಕ ಇರಲಿಲ್ಲ. ಚಿಲಕ ಇದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ ಇದ್ದವು. ಅದೇ ದಿನ ಬಾವಿಯ ಕಟ್ಟೆಯಿಂದ ನನ್ನ ಕೊಡವೂ ಕಾಣೆಯಾಯಿತು. ಬಚ್ಚಲ ಒಲೆಗೆ ಬೆಂಕಿ ಹಾಕುವುದೂ ನನ್ನದಾಗಿ ಉಳಿಯಲಿಲ್ಲ. ಕೂತಲ್ಲೇ ಬೀನ್ಸು ಮುರಿಯುವುದು, ಬೆಳ್ಳುಳ್ಳಿ ಸುಲಿಯುವುದು ನನ್ನ ಪಾಲಿಗೆ ಬಂತು. ಯಾರೂ ನನಗೆ ಬೇಡ ಎನ್ನಲಿಲ್ಲ. ಕೆಲಸಗಳೇ ನನ್ನಿಂದ ದೂರ ಸರಿದು ಕೂತವು.

ಆಗ ಚಿನ್ಮಯ ಹುಟ್ಟಿದ.

ಮಗಾ, ನೀನು ಮೂರ್ನಾಲ್ಕು ತಿಂಗಳ ಕೂಸು. ನಿನ್ನ ಅಮ್ಮ ಸೌಮ್ಯ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನೀನು ಅಳಲು ತೊಡಗಿದೆ ಎಂದು ನಾನು ಎತ್ತಿಕೊಂಡೆ. ಹೊಸ್ತಿಲ ಹತ್ತಿರ ನಿಂತು ನಿನಗೆ ಹೊರಗಿನ ಬೆಳಕು ತೋರಿಸುತ್ತಿದ್ದಾಗ ನನ್ನ ಹೆಬ್ಬೆರಳು ಕುಣಿಯಿತು. ಪಕ್ಕದಲ್ಲಿ ಮಡಚದ ಬಟ್ಟೆಗಳ ರಾಶಿ ಇತ್ತು. ನಿನ್ನನ್ನು ಅದರ ಮೇಲೆ ಇಳಿಸಿದ್ದು ನೆನಪಿದೆ. ಆಮೇಲಿನದು ಇಲ್ಲ.

ಎಚ್ಚರವಾದಾಗ ಸೌಮ್ಯ ಕೋಣೆಯ ಆಚೆ ಮೂಲೆಯಲ್ಲಿ ನಿನ್ನನ್ನು ಎದೆಗೊತ್ತಿಕೊಂಡು ನಿಂತಿದ್ದಳು. ನನ್ನ ಹತ್ತಿರ ಬರಬೇಕೆಂದು ಅವಳಿಗೆ ಇತ್ತು. ಬರಲು ಕಾಲು ಏಳುತ್ತಿರಲಿಲ್ಲ. ಅಲ್ಲಿಂದಲೇ, "ಅತ್ತೆ, ನೀವು ಬೇಜಾರು ಮಾಡ್ಬೇಡಿ. ಇನ್ನು ಇವನನ್ನು ಕೂತಾಗ ಮಾತ್ರ ಕೊಡ್ತೇನೆ. ನಾನು ಹತ್ತಿರ ಇದ್ದಾಗ," ಎಂದಳು.

"ಹ್ಞಾಂ," ಎಂದೆ. ಅವಳ ಜಾಗದಲ್ಲಿ ನಾನಿದ್ದರೆ ಅಷ್ಟನ್ನೂ ಕೊಡುತ್ತಿರಲಿಲ್ಲ.

ಅಂದಿನಿಂದ ನನಗೆ ಇದ್ದ ಆಸೆ ಒಂದೇ. ಕಾಯಿಲೆ ಪೂರ್ತಿ ಹೋಗಬೇಕೆಂದು ನಾನು ಕೇಳಲಿಲ್ಲ. ನೀನು ನಡೆಯಲು ಕಲಿಯುವುದರೊಳಗೆ ನಿನ್ನನ್ನು ಎತ್ತಿಕೊಂಡು, ಪಕ್ಕದಲ್ಲಿ ಯಾರೂ ಇಲ್ಲದೆ, ಅಂಗಳಕ್ಕೆ ಒಂದು ಸುತ್ತು ಬರಬೇಕು. ಅಷ್ಟೇ.

ಈಗ ಅಕ್ಕನ ವಿಷಯ. ನನ್ನ ಅಕ್ಕ ದೇವಕಿಯನ್ನು ಸುಳ್ಯದ ಅಜ್ಜಾವರಕ್ಕೆ ಕೊಟ್ಟದ್ದು. ಅವಳಿಗೆ ಅವಳ ಅತ್ತೆಯಿಂದ ಬಂದ ಒಂದು ಮದ್ದು ಇತ್ತು, ಹಸಿ ಗಿಡ ಅರೆದು ಮಾಡುವ ಫಿಟ್ಸಿನ ಪಚ್ಚೆಮದ್ದು. ಆ ಕಡೆಯವರು ಮಕ್ಕಳನ್ನು ಕಟ್ಟಿಕೊಂಡು ಅವಳಲ್ಲಿಗೆ ಬರುತ್ತಿದ್ದರು. ಆದಿತ್ಯವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಅವಳು ಎಲ್ಲಿಂದ ಕೊಯ್ಯುತ್ತಾಳೆಂದು ನೋಡಬಾರದು. ಕೊಟ್ಟ ಮೇಲೆ ಉಪಕಾರವಾಯಿತು ಎನ್ನಬಾರದು. ಎಲ್ಲಕ್ಕಿಂತ ದೊಡ್ಡದು, ಗಿಡದ ಹೆಸರು ಕೇಳಬಾರದು. ಹೆಸರು ಬಾಯಿಯಿಂದ ಹೊರಗೆ ಬಿದ್ದರೆ ಆಮೇಲೆ ಮದ್ದು ಹಿಡಿಯುವುದಿಲ್ಲ, ಕೊಡುವವರ ಕೈಗುಣವೂ ಹೋಗುತ್ತದೆ. ನಮ್ಮ ಕಡೆ ಮದ್ದು ಕೊಡುವವರೆಲ್ಲ ಹೀಗೆಯೇ. ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ, ನಾನೂ ಮಾಡಿರಲಿಲ್ಲ.

ಬಟ್ಟೆರಾಶಿಯ ಘಟನೆಯ ಸುದ್ದಿ ತಿಳಿದ ಅಕ್ಕ ನನ್ನನ್ನು ಕರೆಸಿಕೊಂಡಳು. ಹಸಿರು ಉಂಡೆಯೊಂದನ್ನು ನಾಲಿಗೆಯ ಮೇಲಿಟ್ಟಳು. ಎಂಥ ಕಹಿ! ಕಣ್ಣಲ್ಲಿ ನೀರು ಬಂತು.

"ಉಗುಳಿದ್ರೆ ನೋಡು, ಇನ್ನೊಂದು ತಿನ್ನಿಸ್ತೇನೆ," ಎಂದಳು. "ಸಣ್ಣದಿರುವಾಗಲೂ ನೀನು ಹೀಗೇ, ಮದ್ದು ಅಂದ್ರೆ ಅಟ್ಟಕ್ಕೆ ಹತ್ತುದು."

ಪ್ರತಿ ಆದಿತ್ಯವಾರ ನಿಮ್ಮ ಅಪ್ಪ ನನ್ನನ್ನು ಅಜ್ಜಾವರಕ್ಕೆ ಕರೆದುಕೊಂಡು ಹೋಗುತ್ತಿದ್ದ. ಡಾಕ್ಟರಿಂದ ಅವನು ಇದನ್ನು ಮುಚ್ಚಿಡಲಿಲ್ಲ. ಅವರು, "ಎಂತ ಅಂತ ಗೊತ್ತಿಲ್ಲದ್ದನ್ನು ತಿನ್ನುದು ಸರಿಯಲ್ಲ. ತಿಂದ್ರೂ ನನ್ನ ಮಾತ್ರೆ ಬಿಡಬೇಡಿ," ಎಂದು ಹೇಳಿ, ಮಾತ್ರೆಯನ್ನು ಸ್ವಲ್ಪ ಏರಿಸಿದರು. ಅಲ್ಲಿಂದ ಮುಂದೆ ಫಿಟ್ಸ್ ಬರಲಿಲ್ಲ. ಒಂದು ತಿಂಗಳು ಕಳೆಯಿತು, ಇನ್ನೊಂದು ಕಳೆಯಿತು. ಏರಿಸಿದ ಮಾತ್ರೆಯಿಂದಲೋ ಅಕ್ಕನ ಉಂಡೆಯಿಂದಲೋ ಎಂದು ಯಾರು ಹೇಳುವುದು? ಅಕ್ಕನಿಗೆ ಸಂಶಯವಿರಲಿಲ್ಲ. ನನಗೂ ಸಂಶಯ ಬೇಕಿರಲಿಲ್ಲ.

ಆ ಸಮಯಕ್ಕೆ ಅಕ್ಕನ ಮೊಮ್ಮಗಳು ಶ್ರಾವ್ಯ ರಜೆಯಲ್ಲಿ ಬಂದಳು. ಮಂಗಳೂರಿನಲ್ಲಿ ದೊಡ್ಡ ಓದು ಓದುತ್ತಿದ್ದಳು. ಔಷಧಿ ಗಿಡಗಳಲ್ಲಿರುವ ಅಂಶಗಳನ್ನು ಕಂಪ್ಯೂಟರಿನಲ್ಲಿಟ್ಟು, ಯಾವುದರಿಂದ ಫಿಟ್ಸ್ ತಡೆಯಬಹುದು ಎಂದು ಹುಡುಕುವುದು ಅವಳ ಕೆಲಸ. ಚಾವಡಿಯಲ್ಲಿ ಕೂತು ನಮಗೆ ತೋರಿಸಿದಳು. ಬಣ್ಣಬಣ್ಣದ ಪಟ್ಟಿಗಳು ಸುರುಳಿ ಸುತ್ತಿಕೊಂಡು ಮೆಲ್ಲಗೆ ತಿರುಗುತ್ತಿದ್ದವು.

"ಇದೆಂತ, ರಿಬ್ಬನಿನ ಅಂಗಡಿಯಾ?" ಎಂದಳು ಅಕ್ಕ.

"ಅಜ್ಜಿ, ಇದು ಮೆದುಳಿನಲ್ಲಿ ಇರುವಂಥದ್ದು. ಇದರ ಹೊಟ್ಟೆಯಲ್ಲಿ ಒಂದು ಗುಂಡಿ ಉಂಟು, ಕಾಣ್ತದಾ? ಗಿಡದ ಒಂದೊಂದೇ ಅಂಶವನ್ನು ತಂದು ಅಲ್ಲಿ ಕೂರಿಸಿ ನೋಡುದು. ಹಲಸಿನ ತೊಳೆಯಲ್ಲಿ ಬೀಜ ಕೂತ ಹಾಗೆ ಕೂತರೆ ಒಳ್ಳೆದು."

"ಅರೆಯುದು ಯಾರು?"

"ಅರೆಯುದೇ ಇಲ್ಲ ಅಜ್ಜಿ. ಎಲ್ಲ ಇದರೊಳಗೇ."

"ಅರೆಯದ ಮದ್ದಾ!" ಅಕ್ಕ ನನ್ನ ತೊಡೆಗೆ ತಟ್ಟಿ ನಕ್ಕಳು. "ನಿನ್ನ ಕಂಪ್ಯೂಟರಿಗೆ ಒಮ್ಮೆ ಫಿಟ್ಸ್ ಬರ್ಲಿ ಮಗಾ, ನಾನು ಉಂಡೆ ಕೊಡ್ತೇನೆ."

ಶ್ರಾವ್ಯ ಅಂಕೆಗಳನ್ನು ತೋರಿಸಿದಳು. ಎಲ್ಲದರ ಎದುರಿಗೂ ಕಳೆಯುವ ಲೆಕ್ಕದ ಗೆರೆ ಇತ್ತು. ನಾನು ಮೆಲ್ಲಗೆ, "ಎಲ್ಲ ನಷ್ಟವೇ ತೋರಿಸ್ತದಲ್ಲ?" ಎಂದೆ.

"ಅಲ್ಲ ಸಣ್ಣಜ್ಜಿ. ಇದರಲ್ಲಿ ಕೆಳಗೆ ಹೋದಷ್ಟೂ ಒಳ್ಳೆದು. ಗಟ್ಟಿಯಾಗಿ ಕೂತಿದೆ ಅಂತ."

ನನಗೆ ಆ ಮಾತು ಹಿತವಾಯಿತು. ಕೆಳಗೆ ಹೋದದ್ದನ್ನೂ ಒಳ್ಳೆಯದೆನ್ನುವ ಲೆಕ್ಕ ಒಂದು ಎಲ್ಲೋ ಇದೆಯಲ್ಲ ಎಂದು.

ಆಮೇಲೆ ಹುಡುಗಿ ಅಕ್ಕನ ಮೊಣಕಾಲಿಗೆ ಒರಗಿ ಕೂತು, "ಅಜ್ಜಿ, ನಿಮ್ಮ ಮದ್ದಿನ ಗಿಡವನ್ನೂ ಇದಕ್ಕೆ ಹಾಕಿ ನೋಡ್ತೇನೆ. ಹೆಸರು ಒಂದು ಹೇಳಿ, ಸಾಕು," ಎಂದಳು.

ಅಕ್ಕನ ನಗು ಹೋಯಿತು. "ಅದೊಂದು ಕೇಳ್ಬೇಡ." ಎದ್ದು ಒಳಗೆ ಹೋದಳು. ಶ್ರಾವ್ಯ ರಜೆ ಮುಗಿಯುವವರೆಗೂ ಗೋಗರೆದಳು. ಅಕ್ಕ ಹೇಳಲಿಲ್ಲ.

ನಾನು ಮನೆಗೆ ಬಂದ ಮೇಲೆ ನನಗೆ ಅದೇ ಯೋಚನೆ. ಅಕ್ಕನಿಗೂ ವಯಸ್ಸಾಯಿತು. ಅವಳು ಹೋದರೆ ಹೆಸರೂ ಹೋಗುತ್ತದೆ. ಕಂಪ್ಯೂಟರಿಗೆ ಹೆಸರು ಸಿಕ್ಕಿದರೆ ಅದರಲ್ಲಿರುವ ಗುಣವನ್ನು ಹುಡುಕಿ ತೆಗೆದು ಮಾತ್ರೆ ಮಾಡುತ್ತಾರೆ, ಕಾಯುವ ಬೆಂಚಿನ ಆ ಹುಡುಗನಿಗೂ ಸಿಗುತ್ತದೆ, ನನಗೂ ಸಿಗುತ್ತದೆ, ನಾನು ಚಿನ್ಮಯನನ್ನು ಎತ್ತಿಕೊಳ್ಳುತ್ತೇನೆ. ಏಳನೆಯವರೆಗೆ ಕಲಿತವಳಿಗೆ ಎಲ್ಲವೂ ಅಷ್ಟು ಹತ್ತಿರದಲ್ಲಿ ಕಾಣುತ್ತಿತ್ತು. ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳದ ನಾನು, ಒಂದು ಆದಿತ್ಯವಾರ ಉಂಡೆ ನುಂಗಿದ ಮೇಲೆ ಅಕ್ಕನ ಸೆರಗು ಹಿಡಿದು ನಿಲ್ಲಿಸಿದೆ.

"ಅಕ್ಕಾ, ಹೆಸರು ಹೇಳು."

"ನಿನಗೆ ಮರ್ಲಾ, ತಲೆ ಸರಿ ಉಂಟಾ? ನಿನಗೆ ಹೇಳಿದ್ರೆ ನಿನಗೇ ಹಿಡಿಯುದಿಲ್ಲ."

"ಅಡ್ಡಿಯಿಲ್ಲ."

"ನನಗೆ ಅಡ್ಡಿ ಉಂಟು ಮಾರಾಯ್ತಿ!" ಅಕ್ಕ ಸೆರಗು ಬಿಡಿಸಿಕೊಂಡಳು. "ಈಗ ನಿಂತಿದೆ ಅಲ್ವಾ ನಿನಗೆ? ಊರಿನವರಿಗೆಲ್ಲ ಕೊಟ್ಟು, ನನ್ನ ತಂಗಿಗೆ ಹಿಡಿಯದ ಹಾಗೆ ಮಾಡ್ಲಿಕ್ಕೆ ನಾನೆಂತ ಶತ್ರುವಾ?"

"ಕಂಪ್ಯೂಟರಿಗೆ ಹಾಕಿದ್ರೆ ತುಂಬ ಜನಕ್ಕೆ ಆಗ್ತದಂತೆ. ನಾಳೆ ನೀನಿಲ್ಲದಿದ್ರೆ ನನಗೆ ಯಾರು ಕೊಡುದು? ಮಗುವನ್ನು ನನ್ನ ಕೈಗೆ ಯಾರೂ ಕೊಡುದಿಲ್ಲ ಅಕ್ಕಾ."

ಕಡೆಯ ಮಾತು ಹೇಳಬೇಕೆಂದು ನಾನು ಎಣಿಸಿರಲಿಲ್ಲ. ಅದು ತಾನಾಗಿ ಬಂತು. ಅಕ್ಕ ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡಳು. ಆಮೇಲೆ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹರಿಯುವ ತೋಡಿನ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಬೆರಳು ತೋರಿಸಿದಳು.

ಒಂದೆಲಗ.

ಮಕ್ಕಳೇ, ನಿಮಗೆ ಅದರ ಚಟ್ನಿ ಗೊತ್ತು, ತಂಬುಳಿ ಗೊತ್ತು. ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ನಮ್ಮ ಬಚ್ಚಲ ಹಿಂದೆಯೂ ಉಂಟು. ನಾನು ಹುಟ್ಟಿದಾಗಿನಿಂದ ತಿಂದ ಎಲೆ.

"ಮತ್ತೆ ಆ ಕಹಿ?" ಎಂದೆ.

"ಅದು ಕಿರಾತಕಡ್ಡಿ. ನಾಲಿಗೆಗೆ ಎಲೆಯ ರುಚಿ ಗೊತ್ತಾಗಬಾರದು ಅಂತ ನಮ್ಮತ್ತೆ ಸೇರಿಸ್ತಿದ್ದದ್ದು."

ನನ್ನ ಕಣ್ಣಲ್ಲಿ ನೀರು ತರಿಸಿದ ಕಹಿ ಹೆಸರನ್ನು ಮುಚ್ಚಿಡಲಿಕ್ಕೆ ಮಾತ್ರ ಇದ್ದದ್ದು.

ಅಲ್ಲಿಂದಲೇ ಶ್ರಾವ್ಯಳಿಗೆ ಫೋನ್ ಮಾಡಿದೆ. ಹೆಸರು ಹೇಳಿದೆ.

"ಸಣ್ಣಜ್ಜಿ," ಎಂದಳು, "ಒಂದೆಲಗವನ್ನು ನಾನು ಮೊದಲೇ ಹಾಕಿ ನೋಡಿ ಆಗಿದೆ. ಎಲ್ಲರೂ ಮೊದಲು ಹಾಕುದೇ ಅದನ್ನು."

"ಕೂತಿತಾ?"

"ಒಂದೆರಡು ಅಂಶ ಚೆನ್ನಾಗಿಯೇ ಕೂತದ್ದು."

"ಹಾಗಾದ್ರೆ ಮಾತ್ರೆ ಯಾವಾಗ ಬರುದು?"

ಅವಳು ಮೆತ್ತಗೆ ಬಿಡಿಸಿ ಹೇಳಿದಳು. ಕಂಪ್ಯೂಟರಿನಲ್ಲಿ ಕೂತದ್ದು ಮೈಯಲ್ಲಿ ಕೂರುತ್ತದೆ ಎಂದಿಲ್ಲ. ತಿಂದದ್ದು ಮೆದುಳಿನವರೆಗೆ ಹೋಗಿ ಮುಟ್ಟುತ್ತದೆ ಎಂದೂ ಇಲ್ಲ. ಮುಂದೆ ಲ್ಯಾಬಿನಲ್ಲಿ ನೋಡಬೇಕು, ಇಲಿಗಳಲ್ಲಿ ನೋಡಬೇಕು, ಆಮೇಲೆ ಜನರಲ್ಲಿ. ಹೆಚ್ಚಿನವು ದಾರಿಯಲ್ಲೇ ಬಿದ್ದುಹೋಗುತ್ತವೆ. "ನನ್ನದು ಯಾವುದನ್ನು ಪರೀಕ್ಷೆ ಮಾಡಬಹುದು ಅಂತ ಆರಿಸುವ ಕೆಲಸ ಮಾತ್ರ ಸಣ್ಣಜ್ಜಿ. ನಾನು ನಿಮಗೆ ಮೊದಲೇ ಸರಿಯಾಗಿ ಹೇಳ್ಬೇಕಿತ್ತು." ಅವಳು ಅಳುತ್ತಿದ್ದಳು. ಪಾಪ, ಅವಳು ಹೇಳಿಯೇ ಇದ್ದಿರಬೇಕು. ಕೇಳುವ ಕಿವಿ ನನಗೆ ಇರಲಿಲ್ಲ.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ನನಗೆ ಜ್ವರ ಬಂತು. ಜ್ವರದ ಜೊತೆ ಫಿಟ್ಸ್ ಬಂತು, ಒಂದರ ಹಿಂದೆ ಒಂದು, ನಡುವೆ ಎಚ್ಚರವೇ ಆಗದ ಹಾಗೆ. ಮಂಚದ ಅಂಚು ತಾಗಿ ಹುಬ್ಬು ಸೀಳಿತು. ಈ ಗಾಯ ಹೇಗಾದದ್ದು ಎಂದು ನೀವು ಕೇಳಿದಾಗ ಜಾರಿ ಬಿದ್ದೆ ಎಂದಿದ್ದೆ. ಪುತ್ತೂರಿನ ಆಸ್ಪತ್ರೆಯಲ್ಲಿ ನನಗೆ ಎಚ್ಚರ ಬಂದಾಗ ನಿಮ್ಮ ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಪಾದಗಳನ್ನು ಉಜ್ಜುತ್ತಿದ್ದಳು. ಆ ವಾರವೆಲ್ಲ ಅವಳು ಮನೆಗೆ ಹೋದದ್ದು, ಚಿನ್ಮಯ, ನಿನಗೆ ಹಾಲು ಕೊಡಲಿಕ್ಕೆ ಮಾತ್ರ. ಇದನ್ನು ನೀವು ಮರೆಯಬೇಡಿ.

ಡಾಕ್ಟರು ಹೇಳಿದರು: "ಜ್ವರ ಬಂದಾಗ ಹೀಗಾಗ್ತದೆ ಅಮ್ಮ. ಯಾರ ತಪ್ಪೂ ಅಲ್ಲ."

ಅಕ್ಕ ಬಸ್ಸು ಹತ್ತಿ ಬಂದಳು. ಬರಿಗೈಯಲ್ಲಿ ಬಂದಳು. ಬಾಗಿಲಲ್ಲಿ ನಿಂತು ನನ್ನ ಹುಬ್ಬಿನ ಹೊಲಿಗೆ ನೋಡಿದಳು.

"ಹೇಳಿದೆ ಅಲ್ವಾ ನಾನು," ಎಂದಳು. ಗದರಿಸುವ ಸ್ವರ ಅದಾಗಿರಲಿಲ್ಲ.

"ಜ್ವರ ಅಕ್ಕ. ಡಾಕ್ಟರು ಜ್ವರ ಅಂದ್ರು."

"ಜ್ವರ ಹಿಂದೆಯೂ ಬಂದಿತ್ತು."

ಬಂದಿತ್ತು, ಉಂಡೆ ತಿನ್ನುತ್ತಿದ್ದಾಗ ಒಮ್ಮೆ. ಆಗ ಫಿಟ್ಸ್ ಬಂದಿರಲಿಲ್ಲ.

"ಆದಿತ್ಯವಾರ ಬರ್ತೇನೆ, ಮೊದಲಿನ ಹಾಗೆ ಕೊಡು," ಎಂದೆ.

ಅಕ್ಕ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು. "ಎಂತ ಕೊಡುದು? ಚಟ್ನಿಯಾ?"

ಅವಳು ಆಮೇಲೆ ಯಾರಿಗೂ ಮದ್ದು ಕೊಡಲಿಲ್ಲ. ಆದಿತ್ಯವಾರ ಮಕ್ಕಳನ್ನು ಕರೆದುಕೊಂಡು ಬಂದವರಿಗೆ, ನನ್ನ ಕೈಯಲ್ಲಿ ಇನ್ನಿಲ್ಲ, ಸುಳ್ಯಕ್ಕೆ ಆಸ್ಪತ್ರೆಗೆ ಹೋಗಿ ಎಂದು ಹೇಳಿ ಕಳಿಸುತ್ತಿದ್ದಳಂತೆ. ಅವರು ಆಸ್ಪತ್ರೆಗೆ ಹೋದರೆ ಒಳ್ಳೆಯದೇ ಆಯಿತು ಎಂದು ಶ್ರಾವ್ಯ ಹೇಳುತ್ತಾಳೆ. ಇರಬಹುದು. ಆದರೆ ಅಕ್ಕ ಆದಿತ್ಯವಾರಗಳಲ್ಲಿ ಹಿತ್ತಿಲ ಬಾಗಿಲು ತೆಗೆಯುವುದಿಲ್ಲ, ಚಾವಡಿಯಲ್ಲಿ ಮುಖ ತಿರುಗಿಸಿ ಮಲಗಿರುತ್ತಾಳೆ ಎಂದೂ ಅವಳೇ ಹೇಳಿದ್ದು. ನಾನು ಹೋದರೆ ಕಾಪಿ ಕೊಡುತ್ತಾಳೆ. ಸುಖದುಃಖ ಕೇಳುತ್ತಾಳೆ. ತಮಾಷೆ ಮಾಡುವುದಿಲ್ಲ. ಊರಿಗೆಲ್ಲ ಬೇಕಾದವಳಾಗಿದ್ದ ನನ್ನ ಅಕ್ಕ ಈಗ ಬರೇ ಒಬ್ಬಳು ಮುದುಕಿ.

ಶ್ರಾವ್ಯಳ ಓದು ಮುಗಿಯಿತು. ಪುಸ್ತಕದ ಹಾಗೆ ಕಟ್ಟಿಸಿ ಕಾಲೇಜಿಗೆ ಕೊಟ್ಟಳು. ಈಗ ಬೇರೆ ಕೆಲಸದಲ್ಲಿದ್ದಾಳೆ. ಅವಳು ಆರಿಸಿದ ಅಂಶಗಳನ್ನು ಯಾರಾದರೂ ಲ್ಯಾಬಿಗೆ ಕೊಂಡುಹೋದರೇ ಎಂದು ಒಮ್ಮೆ ಕೇಳಿದೆ. ಗೊತ್ತಿಲ್ಲ ಸಣ್ಣಜ್ಜಿ ಎಂದಳು. ಮತ್ತೆ ಕೇಳಲಿಲ್ಲ.

ಚಿನ್ಮಯ ನಡೆಯಲು ಕಲಿತ. ಓಡಲು ಕಲಿತ. ಈಗ ಎರಡನೇ ಕ್ಲಾಸು, ಎತ್ತಿಕೊಳ್ಳುತ್ತೇನೆಂದರೆ ಅವನೇ ನಗುತ್ತಾನೆ. ನನ್ನ ಆಸೆಗೆ ಇದ್ದ ಸಮಯ ಹೀಗೆ ಮುಗಿಯಿತು. ನನಗೆ ಫಿಟ್ಸ್ ಈಗಲೂ ಬರುತ್ತದೆ, ಮೊದಲಿನಷ್ಟು ಅಲ್ಲ. ಮಾತ್ರೆ ನುಂಗುತ್ತೇನೆ, ಯಾಕೆಂದರೆ ನುಂಗದಿದ್ದರೆ ಏನಾಗುತ್ತದೆಂದು ಆಸ್ಪತ್ರೆಯ ಆ ಬೆಂಚಿನಲ್ಲಿ ಕೂತವರನ್ನು ನೋಡಿ ತಿಳಿದಿದ್ದೇನೆ. ಒಳ್ಳೆಯದಾಗುತ್ತದೆ ಎಂದು ಬರೆಯಲು ನನಗೆ ಆಗುವುದಿಲ್ಲ, ಕ್ಷಮಿಸಿ. ನೀವು ಸುಳ್ಳು ಓದುವುದು ಬೇಡ.

ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣವಿದೆ. ಪ್ರತಿ ಸಲ ಬಿದ್ದೆದ್ದಾಗ ನನ್ನ ನೆನಪು ಸ್ವಲ್ಪ ಸ್ವಲ್ಪ ಹೋಗುತ್ತಿದೆ. ಕಳೆದ ಸಲ ಎದ್ದ ಮೇಲೆ ನಿಮ್ಮ ಅಮ್ಮನ ಹೆಸರು ಬಾಯಿಗೆ ಬರಲು ತಡವಾಯಿತು. ಮೊನ್ನೆ ನಾನೇ, "ಅಕ್ಕ ಯಾಕೆ ಮದ್ದು ಕೊಡುದು ಬಿಟ್ಟದ್ದು? ನನ್ನ ಮೇಲೆ ಕೋಪವಾ?" ಎಂದು ಕೇಳಿದೆನಂತೆ. ನಿಮ್ಮ ಅಪ್ಪ ಆಚೆ ಎದ್ದು ಹೋದದ್ದು ಮಾತ್ರ ನನಗೆ ನೆನಪಿದೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ತೇವ ಹಿಡಿಯದ ಜಾಗದಲ್ಲಿ, ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಜೊತೆ ಇಡಿ. ಮುಂದೆ ಒಂದು ದಿನ ನಾನು ಎಲ್ಲ ಮರೆತು ಅಕ್ಕನನ್ನು ದೂರಲು ತೊಡಗಿದರೆ, ನನ್ನ ಪಕ್ಕ ಕೂತು ಇದನ್ನು ಗಟ್ಟಿಯಾಗಿ ಓದಿ ಹೇಳಿ. ಅವಳು ಬೇಡ ಎಂದಿದ್ದಳು, ನನಗಾಗಿ ಬೇಡ ಎಂದಿದ್ದಳು, ಸೆರಗು ಹಿಡಿದು ಕೇಳಿದ್ದು ನಾನು ಎಂದು ಓದಿ. ನನಗೆ ನಂಬಿಕೆ ಬಾರದಿದ್ದರೆ ಅಕ್ಷರ ತೋರಿಸಿ. ಅಕ್ಷರದ ಗುರುತಾದರೂ ಅಷ್ಟರವರೆಗೆ ನನಗೆ ಉಳಿದಿರಬಹುದು.